ಹುಲಿಯ ದಿನಚರಿ ಹಿಡಿಯಲು ಕ್ಯಾಮೆರಾ ಟ್ರ್ಯಾಪ್: ಲೆನ್ಸ್ ನೋಡುವ ಮೊದಲು ಗಡಿಯಾರ ನೋಡಿ

ಕಾಡಿನ ಹುಲಿ ಯಾವ ಹೊತ್ತಿಗೆ ಎದ್ದು ಹೊರಡುತ್ತದೆ, ಎಷ್ಟು ಹೊತ್ತು ಅಲೆಯುತ್ತದೆ, ಬಿಸಿಲೇರಿದಾಗ ಎಲ್ಲಿ ಮರೆಯಾಗುತ್ತದೆ? ಇದನ್ನು ಕಣ್ಣಾರೆ ನೋಡಿ ಬರೆದಿಡುತ್ತೇನೆ ಅಂದರೆ ಆಗುವ ಮಾತಲ್ಲ. ಮನುಷ್ಯನ ಸುಳಿವು ಸಿಕ್ಕ ಗಳಿಗೆಯಿಂದಲೇ ಹುಲಿ ತನ್ನ ನಡೆ ಬದಲಿಸಿಬಿಡುತ್ತದೆ. ಸಫಾರಿ ಜೀಪಿನಿಂದ ಕಂಡ ಹುಲಿಗಳ ಪಟ್ಟಿಯೂ ಈ ಕೆಲಸಕ್ಕೆ ಬಾರದು. ಗೇಟು ತೆರೆಯುವುದೇ ಬೆಳಿಗ್ಗೆ ಮತ್ತು ಸಂಜೆ. ಹಾಗಾಗಿ ಆ ಪಟ್ಟಿಯಲ್ಲಿ ಹುಲಿಯೂ ಬೆಳಿಗ್ಗೆ, ಸಂಜೆ ಮಾತ್ರ ಓಡಾಡುತ್ತದೆ. ಉಳಿಯುವ ದಾರಿ ಎರಡು: ಹುಲಿಯ ಕೊರಳಿಗೆ ಜಿಪಿಎಸ್ ಪಟ್ಟಿ ಕಟ್ಟುವುದು, ಇಲ್ಲವೇ ಅದು ನಡೆಯುವ ದಾರಿಯಲ್ಲಿ ಕ್ಯಾಮೆರಾ ಟ್ರ್ಯಾಪ್, ಅಂದರೆ ಪ್ರಾಣಿ ಮುಂದೆ ಹಾದಾಗ ತಾನಾಗಿ ಫೋಟೊ ತೆಗೆಯುವ ಪೆಟ್ಟಿಗೆ, ಇಡುವುದು. ಈ ವಿಮರ್ಶೆ ಎರಡನೆಯದರ ಬಗ್ಗೆ. ಅದೂ ಒಂದೇ ಪ್ರಶ್ನೆಯನ್ನು ಇಟ್ಟುಕೊಂಡು: ಹುಲಿಯ ಹೊತ್ತುಗೊತ್ತು ತಿಳಿಯಲು ಈ ಪೆಟ್ಟಿಗೆಯನ್ನು ಎಷ್ಟರಮಟ್ಟಿಗೆ ನಂಬಬಹುದು?

ಇಲ್ಲಿ ಯಾವುದೋ ಒಂದು ಕಂಪನಿಯ ಮಾಡೆಲನ್ನು ಹಿಡಿದು ಮಾತಾಡುತ್ತಿಲ್ಲ. ಮಾಡೆಲ್‌ಗಳು ಬರುತ್ತವೆ, ಹೋಗುತ್ತವೆ. ಒಳಗಿರುವ ಸೆನ್ಸರ್, ಫ್ಲ್ಯಾಶ್, ಗಡಿಯಾರ, ಬ್ಯಾಟರಿ, ಕವಚ ಇವುಗಳ ಗುಣ ಅವಗುಣ ಮಾತ್ರ ಎಲ್ಲ ಮಾಡೆಲ್‌ಗಳಲ್ಲೂ ಹೆಚ್ಚುಕಡಿಮೆ ಒಂದೇ. ತೀರ್ಪು ಮೊದಲೇ ಹೇಳಿಬಿಡುವುದಾದರೆ, ಹುಲಿಯನ್ನು ಮುಟ್ಟದೆ, ಅರಿವಳಿಕೆ ಕೊಡದೆ, ತಿಂಗಳುಗಟ್ಟಲೆ ಹಗಲಿರುಳು ಕಾಯುವ ಸಾಧನ ಇದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ. ಆದರೆ ಇದು ಹೇಳುವುದು ಹುಲಿ ತನ್ನ ಮುಂದೆ ನಡೆದ ಹೊತ್ತನ್ನು ಮಾತ್ರ. ಮಲಗಿದ್ದು, ಹೊಂಚು ಹಾಕಿದ್ದು, ತಿಂದದ್ದು, ನೀರಲ್ಲಿ ಕೂತದ್ದು ಇವೆಲ್ಲ ಅದರ ಲೆಕ್ಕದಿಂದ ಆಚೆಗೇ ಉಳಿಯುತ್ತವೆ. ಆ ಅಂತರ ಎಷ್ಟು ಎಂದು ಗೊತ್ತಿದ್ದವರ ಕೈಯಲ್ಲಿ ಇದು ಅದ್ಭುತ ಸಾಧನ. ಗೊತ್ತಿಲ್ಲದವರಿಗೆ, ಯಾವ ಹೊತ್ತಿಗೆ ಎಷ್ಟು ಹುಲಿ ಫೋಟೊ ಎಂಬ ಚೆಂದದ ಗ್ರಾಫ್ ಬಿಡಿಸಿಕೊಟ್ಟು ದಾರಿ ತಪ್ಪಿಸುತ್ತದೆ.

ಈ ಪೆಟ್ಟಿಗೆಯ ಹಿಂದೆ ನೂರು ವರ್ಷದ ಇತಿಹಾಸವಿದೆ. 1920ರ ದಶಕದಲ್ಲೇ ಅರಣ್ಯಾಧಿಕಾರಿ ಎಫ್. ಡಬ್ಲ್ಯೂ. ಚಾಂಪಿಯನ್ ದಾರಿಗೆ ತಂತಿ ಕಟ್ಟಿ, ಹುಲಿ ಅದನ್ನು ತುಳಿದಾಗ ಮೆಗ್ನೀಷಿಯಂ ಬೆಳಕು ಹೊತ್ತಿಕೊಂಡು ತಾನಾಗಿ ಫೋಟೊ ಆಗುವಂತೆ ಮಾಡಿದ್ದರು. ಅದು ಫೋಟೊ ಮೂಡುವ ಫಲಕ ಬದಲಿಸುವ ತನಕ ಒಂದೇ ಫೋಟೊ ಕೊಡುತ್ತಿದ್ದ ಏರ್ಪಾಡು. 1990ರ ದಶಕದಲ್ಲಿ ನಾಗರಹೊಳೆಯಲ್ಲಿ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ಮೈಪಟ್ಟೆಗಳಿಂದ ಒಂದೊಂದು ಹುಲಿಯನ್ನೂ ಗುರುತಿಸಿ, ಅದೇ ಹುಲಿ ಎಷ್ಟು ಸಲ ಮತ್ತೆ ಸಿಕ್ಕಿತು ಎಂಬುದರಿಂದ ಸಂಖ್ಯೆ ಅಂದಾಜಿಸುವ ವಿಧಾನ ಕಟ್ಟಿದರು. 1995ರಲ್ಲಿ ಅದು ಪ್ರಕಟವಾಯಿತು. ಭಾರತದ 2018ರ ಹುಲಿ ಗಣತಿಗೆ ಬರುವ ಹೊತ್ತಿಗೆ ಕ್ಯಾಮೆರಾಗಳು 26,838 ಕಡೆ ಕೂತಿದ್ದವು. ಬಂದ ಫೋಟೊ 3,48,58,623. ಅದರಲ್ಲಿ ಹುಲಿಯವು 76,651. ಅಂದರೆ ಒಂದು ಹುಲಿ ಫೋಟೊಗೆ ಸುಮಾರು 455 ಫೋಟೊ ಜಾಲಾಡಬೇಕು. 2022ರ ಗಣತಿಯಲ್ಲಿ 32,588 ಜಾಗ, 4.7 ಕೋಟಿ ಫೋಟೊ, ಹುಲಿಯವು 97,399. ಪ್ರಮಾಣ ಹೆಚ್ಚುಕಡಿಮೆ ಅಷ್ಟೇ. ಕ್ಯಾಮೆರಾ ಕೊಳ್ಳುವವರು ಈ ಲೆಕ್ಕವನ್ನು ಮೊದಲೇ ತಲೆಯಲ್ಲಿಟ್ಟುಕೊಳ್ಳಬೇಕು. ಮೆಮೊರಿ ಕಾರ್ಡ್, ಹಾರ್ಡ್ ಡಿಸ್ಕ್, ಕೂತು ಬೇರ್ಪಡಿಸುವ ಜನ ಇವೆಲ್ಲ ಹುಲಿಗಲ್ಲ, ಜಿಂಕೆ, ಲಂಗೂರ, ಅಲ್ಲಾಡುವ ಹುಲ್ಲು, ಹಾದುಹೋಗುವ ವಾಹನಗಳಿಗೆ ಬೇಕಾಗುತ್ತವೆ.

ಈಗ ಸೆನ್ಸರ್. ಇದರ ಬಗ್ಗೆ ಇರುವಷ್ಟು ತಪ್ಪು ತಿಳಿವಳಿಕೆ ಬೇರಾವುದರ ಬಗ್ಗೆಯೂ ಇಲ್ಲ. ಪೆಟ್ಟಿಗೆಯ ಮುಂಭಾಗದಲ್ಲಿ ಬಿಳಿಚಿಕೊಂಡ ಪ್ಲಾಸ್ಟಿಕ್ ಕಿಟಕಿಯಂತೆ ಕಾಣುವುದೇ ಅದು. ಬಿಸಿ ಮೈಯ ಪ್ರಾಣಿ ಮುಂದೆ ನಿಂತರೆ ಸಾಕು, ಸೆನ್ಸರ್ ಎಚ್ಚರಗೊಳ್ಳುತ್ತದೆ ಎಂದು ಹೆಚ್ಚಿನವರು ತಿಳಿದಿದ್ದಾರೆ. ಅದು ಎಚ್ಚರಗೊಳ್ಳುವುದು ಬಿಸಿಗಲ್ಲ, ಬಿಸಿಯಲ್ಲಾಗುವ ಬದಲಾವಣೆಗೆ. ಆ ಕಿಟಕಿ ಎದುರಿನ ನೋಟವನ್ನು ಹಲವು ಪಟ್ಟಿಗಳಾಗಿ ಸೀಳುತ್ತದೆ; ಹಿನ್ನೆಲೆಗಿಂತ ಬೇರೆ ಶಾಖದ ವಸ್ತುವೊಂದು ಒಂದು ಪಟ್ಟಿಯಿಂದ ಇನ್ನೊಂದಕ್ಕೆ ದಾಟಿದಾಗ ಶಟರ್‌ಗೆ ಸೂಚನೆ ಹೋಗುತ್ತದೆ. ಹಾಗಾಗಿ ಅಡ್ಡಡ್ಡ ಹಾದುಹೋಗುವ ಹುಲಿ ತಪ್ಪದೆ ಸಿಗುತ್ತದೆ. ನೇರ ಕ್ಯಾಮೆರಾದತ್ತಲೇ ನಡೆದು ಬರುವ ಹುಲಿ ತೀರ ಹತ್ತಿರ ಬರುವ ತನಕ ಸಿಗದೆ ಹೋಗಬಹುದು. ಕೂತ ಹುಲಿಯಂತೂ ಅದರ ಮಟ್ಟಿಗೆ ಇಲ್ಲವೇ ಇಲ್ಲ.

ಇದರಿಂದ ಹುಟ್ಟುವ ದೊಡ್ಡ ತೊಡಕು ನಡುಹಗಲಿನದು. ಬೇಸಿಗೆಯ ಮಧ್ಯಾಹ್ನ ನೆಲ, ಬಂಡೆ, ಒಣ ಎಲೆ ಎಲ್ಲವೂ ಹುಲಿಯ ಮೈಯಷ್ಟೇ ಬಿಸಿಯಾದಾಗ ಸೆನ್ಸರ್‌ಗೆ ಹುಲಿಗೂ ಹಿನ್ನೆಲೆಗೂ ವ್ಯತ್ಯಾಸವೇ ತಿಳಿಯುವುದಿಲ್ಲ. ಅದೇ ಹೊತ್ತಿಗೆ ಬಿಸಿಗಾಳಿಗೆ ತೂಗುವ ಕೊಂಬೆಗೆ ಸುಮ್ಮಸುಮ್ಮನೆ ಕ್ಲಿಕ್ ಆಗುತ್ತಿರುತ್ತದೆ. ನೀರಿನಿಂದ ಎದ್ದು ಬಂದ ಹುಲಿಯ ವಿಷಯ ಇನ್ನೂ ಕಷ್ಟ. ಸೆಕೆಗೆ ಹುಲಿ ಹೊಂಡಕ್ಕೆ ಬರುತ್ತದೆ, ತಿರುಗಿ ನಿಂತು ಬಾಲದ ಕಡೆಯಿಂದ ಮೆಲ್ಲನೆ ಹಿಂದಕ್ಕೆ ಸರಿದು, ಮುಖಕ್ಕೆ ನೀರು ತಾಗದಂತೆ ಕುತ್ತಿಗೆ ತನಕ ಇಳಿದು ಕೂರುತ್ತದೆ. ಎದ್ದು ಹೊರಟಾಗ ತೊಯ್ದ ಕೂದಲು ಮೈಶಾಖವನ್ನು ಮುಚ್ಚಿಬಿಟ್ಟಿರುತ್ತದೆ. ಸೆನ್ಸರ್ ಪಾಲಿಗೆ ಅದು ಹೆಚ್ಚುಕಡಿಮೆ ಕಾಣದ ಹುಲಿ. ಆದ್ದರಿಂದ ಯಾವುದೇ ಬೇಸಿಗೆಯ ಗ್ರಾಫಿನಲ್ಲಿ ಮಧ್ಯಾಹ್ನ ಕಾಣುವ ಆಳವಾದ ತಗ್ಗಿನಲ್ಲಿ ಹುಲಿಯ ವಿಶ್ರಾಂತಿಯೂ ಇದೆ, ಯಂತ್ರದ ಕುರುಡೂ ಇದೆ. ಎರಡನ್ನೂ ಬಿಡಿಸಲು ಒಂದು ಸುಲಭ ಉಪಾಯವಿದೆ. ಹೆಚ್ಚಿನ ಪೆಟ್ಟಿಗೆಗಳಲ್ಲಿ ಟೈಮ್ ಲ್ಯಾಪ್ಸ್ ಎಂಬ ಆಯ್ಕೆ ಇರುತ್ತದೆ. ನೀರಿನ ಹೊಂಡದ ಎದುರು ಒಂದು ಕ್ಯಾಮೆರಾವನ್ನು ಬೆಳಿಗ್ಗೆ 10ರಿಂದ ಸಂಜೆ 5ರ ತನಕ ಐದು ನಿಮಿಷಕ್ಕೊಂದು ಫೋಟೊ ತೆಗೆಯುವಂತೆ ಇಟ್ಟರೆ ಸೆನ್ಸರ್‌ನ ಹಂಗೇ ಇರುವುದಿಲ್ಲ. ದಿನಕ್ಕೆ 84 ಚೌಕಟ್ಟು, ತಿಂಗಳಿಗೆ ಎರಡೂವರೆ ಸಾವಿರ. ನೋಡಿ ಮುಗಿಸಬಹುದಾದ ಸಂಖ್ಯೆಯೇ. ಈ ಆಯ್ಕೆ ಇಲ್ಲದ ಪೆಟ್ಟಿಗೆಯನ್ನು ಈ ಕೆಲಸಕ್ಕೆ ಕೊಳ್ಳಬೇಡಿ.

ಸೆನ್ಸರ್ ಎಚ್ಚರಗೊಂಡ ಮೇಲೆ ಫೋಟೊ ಆಗಲು ಹಿಡಿಯುವ ಹೊತ್ತು ಮುಖ್ಯ. ದಾರಿಯಲ್ಲಿ ಸಲೀಸಾಗಿ ನಡೆಯುವ ಹುಲಿ ಸೆಕೆಂಡಿಗೆ ಒಂದು ಮೀಟರಿಗೂ ತುಸು ಹೆಚ್ಚು ಮುಂದೆ ಹೋಗುತ್ತದೆ. ಮೂರೂವರೆ ಮೀಟರ್ ದೂರದಲ್ಲಿ ಸಾಮಾನ್ಯ ಲೆನ್ಸ್‌ಗೆ ಸಿಗುವ ಅಗಲ ಎರಡೂವರೆ ಮೂರು ಮೀಟರ್ ಅಷ್ಟೇ. ಒಂದು ಸೆಕೆಂಡ್ ತಡವಾದರೆ ಪಕ್ಕೆಲುಬಿನ ಪಟ್ಟೆಗಳು ಹೋಗಿ ತೊಡೆ ಮತ್ತು ಬಾಲ ಉಳಿಯುತ್ತವೆ. ಅರ್ಧ ಸೆಕೆಂಡಿಗಿಂತ ಕಡಿಮೆ ಇರುವುದನ್ನೇ ಆರಿಸಿ. ಹೊತ್ತು ತಿಳಿಯಲು ಬಾಲ ಸಾಕಲ್ಲವೇ ಎಂದರೆ, ಸಾಕು. ಆದರೆ ಅದು ಯಾರ ಬಾಲ ಎಂಬುದೂ ಬೇಕಾಗುತ್ತದೆ, ಕಾರಣ ಮುಂದೆ ಬರುತ್ತದೆ. ಒಂದು ಫೋಟೊ ಆದಮೇಲೆ ಮತ್ತೆ ಸಿದ್ಧವಾಗಲು ಬೇಕಾದ ಹೊತ್ತನ್ನೂ ಕೇಳಿ. ಬಿಳಿ ಬೆಳಕು ಚಿಮ್ಮಿಸುವ ಝೆನಾನ್ ಫ್ಲ್ಯಾಶ್ ಇರುವವು ಮತ್ತೆ ತುಂಬಿಕೊಳ್ಳಲು ಹತ್ತಾರು ಸೆಕೆಂಡ್ ತೆಗೆದುಕೊಳ್ಳುತ್ತವೆ. ತಾಯಿ ಫೋಟೊದಲ್ಲಿ ಬಂದು, ಹಿಂದೆ ಬಂದ ಮೂರು ಮರಿಗಳು ಕತ್ತಲಲ್ಲೇ ದಾಟಿ ಹೋಗಿರುತ್ತವೆ. ಆಮೇಲೆ ಅದನ್ನು ಒಂಟಿ ಹೆಣ್ಣು ಎಂದು ಬರೆದುಕೊಂಡು ಅದರ ಓಡಾಟವನ್ನು ಬೇರೆ ಹೆಣ್ಣುಗಳ ಜೊತೆ ಸೇರಿಸಿದರೆ ಲೆಕ್ಕ ಕೆಡುತ್ತದೆ.

ಫ್ಲ್ಯಾಶ್ ವಿಷಯದಲ್ಲಿ ಎಲ್ಲರಿಗೂ ಒಂದೇ ಉತ್ತರ ಇಲ್ಲ. ಬಿಳಿ ಬೆಳಕಿನದು ನಡೆಯುತ್ತಿರುವ ಹುಲಿಯನ್ನು ಕೆತ್ತಿ ನಿಲ್ಲಿಸಿದಂತೆ ಹಿಡಿಯುತ್ತದೆ. ಪಟ್ಟೆ ಸ್ಪಷ್ಟ, ಬಣ್ಣ ಸ್ಪಷ್ಟ. ಇನ್‌ಫ್ರಾರೆಡ್‌ನಲ್ಲಿ ಫೋಟೊ ಕಪ್ಪುಬಿಳುಪು. ಬೆಳಕು ಸಾಲದೆ ಶಟರ್ ಹೆಚ್ಚು ಹೊತ್ತು ತೆರೆದಿರುವುದರಿಂದ ಪಟ್ಟೆಗಳು ಕಲಸಿಹೋಗುತ್ತವೆ. ಆದರೆ ಹೊತ್ತಿನ ಅಧ್ಯಯನಕ್ಕೆ ಬಿಳಿ ಬೆಳಕಿನದೇ ಒಂದು ಕೇಡಿದೆ: ಹುಲಿ ಅದನ್ನು ನೆನಪಿಟ್ಟುಕೊಳ್ಳುತ್ತದೆ. ನೇಪಾಳದ ಬಾರ್ದಿಯಾದಲ್ಲಿ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನ, ಹುಲಿಗಳು ಕ್ಯಾಮೆರಾ ಇರುವ ಜಾಗದಿಂದ ಹಿಂಜರಿಯುವುದನ್ನು ತೋರಿಸಿದೆ. ರಾತ್ರಿ ಮಾತ್ರ ಮಿಂಚುವ ಬೆಳಕಿಗೆ ಹುಲಿ ಹೆದರಿ ಪಕ್ಕದ ಹಳ್ಳ ಹಿಡಿದರೆ ರಾತ್ರಿಯ ದಾಖಲೆಗಳು ಮಾತ್ರ ಕರಗುತ್ತವೆ, ಹಗಲಿನವು ಹಾಗೇ ಉಳಿಯುತ್ತವೆ. ಇನ್‌ಫ್ರಾರೆಡ್‌ನಲ್ಲೂ ಎರಡು ಬಗೆ. 850 ನ್ಯಾನೊಮೀಟರ್ ತರಂಗಾಂತರದ ದೀಪ ನೇರ ನೋಡಿದರೆ ಮಂದ ಕೆಂಪಾಗಿ ಹೊಳೆಯುತ್ತದೆ. 940ರದ್ದು ಹೊಳೆಯುವುದಿಲ್ಲ, ಆದರೆ ಅದರ ಬೆಳಕು ಅಷ್ಟು ದೂರ ಮುಟ್ಟುವುದಿಲ್ಲ. ಈ ಪೆಟ್ಟಿಗೆಗಳನ್ನು ಪ್ರಾಣಿಗಳು ಕೇಳಬಲ್ಲವು, ನೋಡಬಲ್ಲವು ಎಂದು 2014ರ ಆಸ್ಟ್ರೇಲಿಯಾದ ಅಧ್ಯಯನವೊಂದು ಅಳೆದೇ ತೋರಿಸಿತು. ಹಾಗಾಗಿ ಯಾವುದೂ ಪೂರ್ತಿ ಗುಟ್ಟಾಗಿರುವುದಿಲ್ಲ. ಹುಲಿ ಎಣಿಸುವುದೇ ಮುಖ್ಯವಾದರೆ ಬಿಳಿ ಬೆಳಕು, ಹೊತ್ತು ತಿಳಿಯುವುದೇ ಮುಖ್ಯವಾದರೆ 940ರ ಇನ್‌ಫ್ರಾರೆಡ್, ಅದನ್ನು ದಾರಿಗೆ ಮೂರು ಮೀಟರ್ ಹತ್ತಿರ ತಂದು ಕಟ್ಟುವುದು. ನಮ್ಮ ಆಯ್ಕೆ ಇದು.

ಇನ್ನು ಗಡಿಯಾರ. ಕೊಳ್ಳುವವರು ಮೆಗಾಪಿಕ್ಸೆಲ್ ಕೇಳುತ್ತಾರೆ, ರಾತ್ರಿ ಎಷ್ಟು ದೂರ ಕಾಣುತ್ತದೆ ಎಂದು ಕೇಳುತ್ತಾರೆ. ಬ್ಯಾಟರಿ ತೆಗೆದರೆ ಗಡಿಯಾರ ಎಷ್ಟು ಹೊತ್ತು ನಡೆಯುತ್ತದೆ ಎಂದು ಕೇಳುವವರು ಅಪರೂಪ. ಈ ಕೆಲಸಕ್ಕೆ ಅದೇ ಮೊದಲ ಪ್ರಶ್ನೆ. ಎಷ್ಟೋ ಪೆಟ್ಟಿಗೆಗಳಲ್ಲಿ ಬ್ಯಾಟರಿ ಬದಲಿಸುವ ಒಂದೆರಡು ನಿಮಿಷದಲ್ಲಿ ಸಮಯ ಅಳಿಸಿಹೋಗಿ, ಕಾರ್ಖಾನೆಯಲ್ಲಿ ತುಂಬಿದ ಯಾವುದೋ ವರ್ಷದ ಜನವರಿ 1, ನಡುರಾತ್ರಿ 12 ಗಂಟೆಗೆ ಬಂದು ನಿಲ್ಲುತ್ತದೆ. ಬೆಳಿಗ್ಗೆ 11ಕ್ಕೆ ಬ್ಯಾಟರಿ ಹಾಕಿ ಗಮನಿಸದೆ ಬಂದರೆ ಮುಂದಿನ ಒಂದು ತಿಂಗಳು ಸಂಜೆ 6ರ ಹುಲಿ ಬೆಳಿಗ್ಗೆ 7ರದಾಗಿ ದಾಖಲಾಗುತ್ತದೆ. ಎರಡೂ ಹುಲಿ ಓಡಾಡುವ ಹೊತ್ತೇ ಆದ್ದರಿಂದ ಯಾರಿಗೂ ಅನುಮಾನ ಬರುವುದಿಲ್ಲ. ಹನ್ನೆರಡು ಗಂಟೆಯ ಮಾದರಿಯಲ್ಲಿ ಬೆಳಿಗ್ಗೆ ಸಂಜೆ ಅದಲುಬದಲಾಗುವುದು ಇದರ ಇನ್ನೊಂದು ರೂಪ. ತಿಂಗಳು ಮೊದಲೋ ದಿನ ಮೊದಲೋ ಎಂಬ ಗೊಂದಲದಲ್ಲಿ ಏಪ್ರಿಲ್ 3 ಹೋಗಿ ಮಾರ್ಚ್ 4 ಆಗುವುದು ಮತ್ತೊಂದು.

ಇದಕ್ಕೆ ಮಾಡಬೇಕಾದ್ದು ಸರಳ, ಆದರೆ ಪ್ರತಿ ಸಲವೂ ಮಾಡಬೇಕು. ಎಲ್ಲ ಪೆಟ್ಟಿಗೆಗಳನ್ನೂ ಒಂದೇ ಮೇಜಿನ ಮೇಲಿಟ್ಟು ಜಿಪಿಎಸ್ ಸಮಯಕ್ಕೆ, 24 ಗಂಟೆಯ ಮಾದರಿಯಲ್ಲಿ ಹೊಂದಿಸಿ. ಮರಕ್ಕೆ ಕಟ್ಟಿ ಚಾಲೂ ಮಾಡಿದ ಮೇಲೆ ಜಿಪಿಎಸ್ ಅಥವಾ ಮೊಬೈಲಿನ ಗಡಿಯಾರವನ್ನು, ಜಾಗದ ಸಂಖ್ಯೆ ಬರೆದ ಹಲಗೆಯ ಪಕ್ಕದಲ್ಲಿ ಹಿಡಿದು ಮೊದಲ ಫೋಟೊ ಆಗುವಂತೆ ಮಾಡಿ. ಬ್ಯಾಟರಿ ಅಥವಾ ಕಾರ್ಡ್ ಬದಲಿಸುವ ಮೊದಲು ಒಂದು, ಬದಲಿಸಿದ ಮೇಲೆ ಒಂದು. ಬಿಚ್ಚುವಾಗ ಕೊನೆಯದು. ಮೊದಲ ಮತ್ತು ಕೊನೆಯ ಫೋಟೊದಲ್ಲಿ ಎರಡು ಗಡಿಯಾರಗಳ ನಡುವೆ ನಾಲ್ಕು ನಿಮಿಷ ವ್ಯತ್ಯಾಸ ಬಂದರೆ ಅದನ್ನು ದಿನಗಳಿಗೆ ಹಂಚಿ ಸರಿಪಡಿಸಬಹುದು. ಈ ಫೋಟೊಗಳು ಇಲ್ಲದ ಕಾರ್ಡಿನ ಸಮಯವನ್ನು ನಂಬುವುದಕ್ಕಿಂತ ಲೆಕ್ಕದಿಂದ ಕೈಬಿಡುವುದು ಲೇಸು.

ಗಡಿಯಾರ ಸರಿಯಿದ್ದರೂ ಒಂದು ತಿದ್ದುಪಡಿ ಉಳಿಯುತ್ತದೆ. ಹುಲಿ ನಡೆಯುವುದು ಸೂರ್ಯನ ಹೊತ್ತಿಗೆ. ರೇಖಾಂಶ ಒಂದು ಡಿಗ್ರಿ ಪೂರ್ವಕ್ಕೆ ಹೋದರೆ ಸೂರ್ಯ ನಾಲ್ಕು ನಿಮಿಷ ಮೊದಲು ಹುಟ್ಟುತ್ತಾನೆ. ರಾಜಸ್ಥಾನದ ರಣಥಂಬೋರ್‌ಗೂ ಅರುಣಾಚಲದ ನಾಮ್ದಾಫಾಕ್ಕೂ ನಡುವೆ ಸುಮಾರು 20 ಡಿಗ್ರಿ, ಅಂದರೆ 80 ನಿಮಿಷ. ಗಡಿಯಾರ ಮಾತ್ರ ಎರಡೂ ಕಡೆ ಒಂದೇ. ಒಂದೇ ಕಾಡಿನಲ್ಲೂ ಡಿಸೆಂಬರ್ ಮತ್ತು ಮೇ ತಿಂಗಳ ಸೂರ್ಯೋದಯ ಬೇರೆ. ಆದ್ದರಿಂದ ಬೆಳಿಗ್ಗೆ 6:20 ಎಂದು ಬರೆಯುವ ಜೊತೆಗೆ, ಸೂರ್ಯೋದಯಕ್ಕೆ 15 ನಿಮಿಷ ಮೊದಲು ಎಂದೂ ಬರೆದಿಡಿ. ಬೇರೆ ಬೇರೆ ಋತುಗಳನ್ನು, ಬೇರೆ ಬೇರೆ ಕಾಡುಗಳನ್ನು ಹೋಲಿಸುವಾಗ ಈ ಎರಡನೆಯ ಅಂಕಣವೇ ಉಪಯೋಗಕ್ಕೆ ಬರುತ್ತದೆ.

ಬ್ಯಾಟರಿಯ ದೋಷವೂ ಕೊನೆಗೆ ಹೊತ್ತಿನ ದೋಷವಾಗಿಯೇ ಬಂದು ಸೇರುತ್ತದೆ. ಹಗಲಿನ ಫೋಟೊಗೆ ಬೇಕಾಗುವ ವಿದ್ಯುತ್ ಅತ್ಯಲ್ಪ. ರಾತ್ರಿ ದೀಪ ಉರಿಸಲು ಅದರ ಹಲವು ಪಟ್ಟು ಬೇಕು. ಬ್ಯಾಟರಿ ಇಳಿಯುತ್ತ ಬಂದಾಗ ಪೆಟ್ಟಿಗೆ ಒಮ್ಮೆಲೇ ಸಾಯುವುದಿಲ್ಲ. ರಾತ್ರಿಯ ಫೋಟೊಗಳು ಮೊದಲು ಮಸುಕಾಗಿ, ಆಮೇಲೆ ಬರೀ ಕಪ್ಪಾಗಿ, ಕೊನೆಗೆ ಬರುವುದೇ ನಿಲ್ಲುತ್ತವೆ. ಹಗಲಿನವು ಇನ್ನೂ ಎರಡು ವಾರ ಚೆನ್ನಾಗಿಯೇ ಬರುತ್ತಿರುತ್ತವೆ. ಕಾರ್ಡ್ ತೆರೆದು ನೋಡಿದವರಿಗೆ ಕೊನೆಯ ದಿನದ ತನಕ ಫೋಟೊ ಇದೆ, ಎಲ್ಲ ಸರಿ ಇದೆ ಅನಿಸುತ್ತದೆ. ಗ್ರಾಫ್ ಬಿಡಿಸಿದಾಗ ಹುಲಿ ಹಗಲು ಸಂಚಾರಿಯಾಗಿಬಿಟ್ಟಿರುತ್ತದೆ. ಪ್ರತಿ ಕಾರ್ಡಿನಲ್ಲೂ ಸರಿಯಾಗಿ ಬೆಳಗಿದ ಕೊನೆಯ ರಾತ್ರಿ ಫೋಟೊ ಯಾವ ದಿನದ್ದು ಎಂದು ಹುಡುಕಿ, ಆ ದಿನದಾಚೆಯ ಹಗಲಿನ ಫೋಟೊಗಳನ್ನೂ ಲೆಕ್ಕದಿಂದ ಕೈಬಿಡಿ. ಲಿಥಿಯಂ ಸೆಲ್‌ಗಳು ಕೊನೆಯ ತನಕ ವಿದ್ಯುತ್ ಒತ್ತಡ ಉಳಿಸಿಕೊಳ್ಳುತ್ತವೆ, ಚಳಿಗೂ ಜಗ್ಗುವುದಿಲ್ಲ. ರಷ್ಯಾದ ಅಮೂರ್ ಪ್ರದೇಶದಂಥ ಕೊರೆಯುವ ಚಳಿಯ ಹುಲಿಕಾಡುಗಳಲ್ಲಿ ಬೇರೆ ಮಾತೇ ಇಲ್ಲ. ಆಲ್ಕಲೈನ್ ಚಳಿಯಲ್ಲಿ ಬೇಗ ಸೋಲುತ್ತದೆ. ಮತ್ತೆ ಚಾರ್ಜ್ ಮಾಡುವವುಗಳ ಒತ್ತಡ 1.5 ಅಲ್ಲ, 1.2 ವೋಲ್ಟ್, ಕೆಲವು ಪೆಟ್ಟಿಗೆಗಳು ತುಂಬಿದ ಸೆಲ್ಲನ್ನೇ ಖಾಲಿ ಎಂದು ತಿಳಿಯುತ್ತವೆ. ಹಳೆಯ ಹೊಸ ಸೆಲ್ಲುಗಳನ್ನು ಬೆರೆಸಿ ಹಾಕುವುದಂತೂ ಬೇಡವೇ ಬೇಡ.

ಕವಚದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಮಳೆ ನೀರಿಗಿಂತ ಒಳಗೆ ಕೂರುವ ತೇವ ಅಪಾಯ, ಅದಕ್ಕೆ ಸಿಲಿಕಾ ಜೆಲ್ ಪೊಟ್ಟಣ ಇಟ್ಟು ಪ್ರತಿ ಭೇಟಿಯಲ್ಲೂ ಬದಲಿಸಬೇಕು. ರಬ್ಬರ್ ಪಟ್ಟಿ ಸಡಿಲವಾದರೆ ಇರುವೆ ಗೂಡು ಕಟ್ಟುತ್ತದೆ. ದೀಪಕ್ಕೆ ಹುಳ ಬರುತ್ತದೆ, ಹುಳಕ್ಕೆ ಜೇಡ ಬರುತ್ತದೆ, ಲೆನ್ಸ್ ಮುಂದೆ ಬಲೆ ಕಟ್ಟುತ್ತದೆ. ರಾತ್ರಿಯ ಫೋಟೊ ಪೂರ್ತಿ ಬಿಳಿ. ಆನೆ ಇರುವ ಕಾಡಿನಲ್ಲಿ ಪ್ಲಾಸ್ಟಿಕ್ ಪೆಟ್ಟಿಗೆಯನ್ನು ಬೆತ್ತಲೆ ಕಟ್ಟುವುದು ಅಂದರೆ ಕಳೆದುಕೊಳ್ಳುವುದು ಎಂದೇ ಅರ್ಥ. ಕಬ್ಬಿಣದ ಚೌಕಟ್ಟು, ನೆಲಕ್ಕೆ ಹೂತ ಗೂಟ ಬೇಕು.

ಇಡುವ ಜಾಗ, ಇಡುವ ರೀತಿ ಇನ್ನೂ ದೊಡ್ಡ ವಿಷಯ. ಹುಲಿ ಮೆತ್ತನೆ ಪಾದದ ಪ್ರಾಣಿ. ಮುಳ್ಳು, ಒಣ ಸೌದೆಗಳ ನಡುವೆ ನುಗ್ಗುವುದಕ್ಕಿಂತ ಜೀಪಿನ ದಾರಿ, ಕಾಲುದಾರಿ, ಮರಳು ಹಳ್ಳಗಳಲ್ಲಿ ಸದ್ದಿಲ್ಲದೆ ನಡೆಯುವುದನ್ನೇ ಇಷ್ಟಪಡುತ್ತದೆ. ಹೆಜ್ಜೆ, ಲದ್ದಿ, ಕೆರೆದ ಗುರುತು ಕಂಡ ದಾರಿಯ ತಿರುವಿನಲ್ಲಿ, ದಾರಿಯ ನಡುಮಧ್ಯದಿಂದ ಮೂರರಿಂದ ನಾಲ್ಕು ಮೀಟರ್ ದೂರದಲ್ಲಿ, ನೆಲದಿಂದ 40 ಸೆಂಟಿಮೀಟರ್ ಆಸುಪಾಸು ಎತ್ತರಕ್ಕೆ ಕಟ್ಟಿ. ಅದಕ್ಕಿಂತ ಮೇಲೆ ಹೋದರೆ ಬೆನ್ನು ಮಾತ್ರ ಬರುತ್ತದೆ, ಮರಿಗಳು ಸೆನ್ಸರ್ ಕೆಳಗೇ ನುಸುಳಿ ಹೋಗುತ್ತವೆ. ಲೆನ್ಸ್ ಉತ್ತರಕ್ಕೋ ದಕ್ಷಿಣಕ್ಕೋ ಇರಲಿ. ಪೂರ್ವಕ್ಕೆ ಮುಖ ಮಾಡಿದರೆ ಬೆಳಗಿನ ಬಿಸಿಲು, ಪಶ್ಚಿಮಕ್ಕಾದರೆ ಸಂಜೆಯದು ನೇರ ಸೆನ್ಸರ್‌ಗೆ ಹೊಡೆಯುತ್ತದೆ. ಹುಲಿ ಹೊರಡುವ ಹೊತ್ತಲ್ಲೇ ಫೋಟೊ ಕೆಡುತ್ತದೆ. ಎದುರಿನ ಹುಲ್ಲು ಸವರಿ, ಆದರೆ ಜಾಗವನ್ನು ಬೋಳಿಸಬೇಡಿ. ಹುಲಿಯ ಎರಡು ಮಗ್ಗುಲ ಪಟ್ಟೆಗಳು ಒಂದೇ ತರ ಇರುವುದಿಲ್ಲ, ಹಾಗಾಗಿ ಗುರುತು ಹಚ್ಚಬೇಕಾದರೆ ಎದುರುಬದುರು ಜೋಡಿ ಬೇಕು. ಒಂದರ ಬೆಳಕು ಇನ್ನೊಂದರ ಕಣ್ಣಿಗೆ ಬೀಳದಂತೆ ತುಸು ಓರೆಯಾಗಿ. ಕೊನೆಗೆ ಟೆಸ್ಟ್ ಮೋಡ್‌ಗೆ ಹಾಕಿ, ಮೊಣಕೈ ಮೊಣಕಾಲೂರಿ ಹುಲಿಯ ಎತ್ತರದಲ್ಲಿ ದಾರಿಯ ಎರಡೂ ಅಂಚಿನಲ್ಲಿ ಒಬ್ಬರು ಅಂಬೆಗಾಲಿಡಬೇಕು. ನಿಂತು ನಡೆದು ಪರೀಕ್ಷೆ ಮಾಡಿದರೆ ಪರೀಕ್ಷೆಯಾಗುವುದು ಮನುಷ್ಯನದು.

ಹುಲಿ ಮೂತ್ರ ಚಿಮ್ಮಿಸಿ ಗುರುತು ಹಾಕುವ ಮರದೆದುರು ಕ್ಯಾಮೆರಾ ಇಡುವ ಆಸೆ ಎಲ್ಲರಿಗೂ ಬರುತ್ತದೆ, ಬರಬೇಕಾದ್ದೇ. ಸಾಲು ಫೋಟೊ ತೆಗೆಯುವಂತೆ ಇಟ್ಟರೆ ಅಲ್ಲಿ ಸಿಗುವುದು ಬೇರೆಲ್ಲೂ ಸಿಗುವುದಿಲ್ಲ. ಹುಲಿ ಬಂದು ಕಾಂಡಕ್ಕೆ ಮೂಗು ಹಚ್ಚುತ್ತದೆ. ಮುಂದಿನ ಚೌಕಟ್ಟಿನಲ್ಲಿ ತಲೆ ಎತ್ತಿದೆ, ತುಟಿ ಮೇಲಕ್ಕೆ ಸುಕ್ಕುಗಟ್ಟಿದೆ, ನಾಲಗೆ ಇಳಿಬಿದ್ದಿದೆ. ವಾಸನೆಯನ್ನು ಅಂಗುಳಿನ ಅಂಗಕ್ಕೆ ಎಳೆದುಕೊಳ್ಳುತ್ತಿದೆ. ಅದರ ಮುಂದಿನದರಲ್ಲಿ ಮರಕ್ಕೆ ಬೆನ್ನು, ಬಾಲ ನೆಟ್ಟಗೆ, ಹಿಂದಕ್ಕೆ ಚಿಮ್ಮಿದ ಮೂತ್ರದ ಹನಿಗಳು ಬೆಳಕಿಗೆ ಹೊಳೆಯುತ್ತಿವೆ. ಆಮೇಲೆ ಖಾಲಿ ದಾರಿ. ಈ ವಾಸನೆ ಮೂರು ವಾರದ ಸುಮಾರಿಗೆ ಮಾಸುತ್ತದೆ, ಹಾಗಾಗಿ ನೆಲೆಯೂರಿದ ಹುಲಿ ತನ್ನ ಸರಹದ್ದನ್ನು ಮತ್ತೆ ಮತ್ತೆ ಸುತ್ತಲೇಬೇಕು. ಸುತ್ತು ತಪ್ಪಿದರೆ ಪಕ್ಕದ ಹುಲಿ ಒಳಗೆ ಬರುತ್ತದೆ. ಗಂಡು ಬದಲಾದರೆ ಮರಿಗಳ ಜೀವಕ್ಕೇ ಸಂಚಕಾರ, ಹೊಸ ಗಂಡು ಹಳೆಯದರ ಮರಿಗಳನ್ನು ಕೊಲ್ಲುವುದುಂಟು. ಆದರೆ ಇಂಥ ಜಾಗಗಳಲ್ಲೇ ಎಲ್ಲ ಪೆಟ್ಟಿಗೆ ಇಟ್ಟರೆ ಸಿಗುವುದು ಕಾವಲು ಸುತ್ತುವ ಹುಲಿಯ ವೇಳಾಪಟ್ಟಿ. ನೆಲೆ ಸಿಗದೆ ಅಂಚಿನಲ್ಲಿ ತಲೆಮರೆಸಿಕೊಂಡು ಅಲೆಯುವ ಪ್ರಾಯದ ಹುಲಿಗಳು ಅಂಥ ಮರಗಳ ಬಳಿ ಕಡಿಮೆ ಕಾಣಿಸುತ್ತವೆ. ಅವುಗಳ ಹೊತ್ತೇ ಬೇರೆ.

ದಾರಿಯದೂ ಅದೇ ಕತೆ. ವಾಹನ ಓಡುವ ದಾರಿಯಲ್ಲಿ ಹಗಲು ಹುಲಿ ಕಾಣದಿದ್ದರೆ ಹುಲಿ ಮಲಗಿದೆ ಎಂದು ಬರೆದುಬಿಡುವುದು ಸುಲಭ. ಅದು ನೂರು ಮೀಟರ್ ಆಚೆಯ ಹಳ್ಳದಲ್ಲಿ ನಡೆಯುತ್ತಿರಬಹುದು. ನೇಪಾಳದ ಚಿತವನದಲ್ಲಿ ನಡೆದು 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಜನ ಮತ್ತು ಹುಲಿ ಒಂದೇ ದಾರಿಗಳನ್ನು ಬಳಸುತ್ತಿದ್ದರು. ಹುಲಿಗಳು ತಮ್ಮ ಹಗಲಿನ ಓಡಾಟವನ್ನು ರಾತ್ರಿಗೆ ಸರಿಸಿಕೊಂಡಿದ್ದವು. 2018ರಲ್ಲಿ ಆರು ಖಂಡಗಳ 62 ಜಾತಿಯ ಸಸ್ತನಿಗಳ ಲೆಕ್ಕ ಒಟ್ಟುಗೂಡಿಸಿದಾಗ ಮನುಷ್ಯನ ಒತ್ತಡವಿರುವ ಕಡೆ ರಾತ್ರಿಯ ಓಡಾಟ ಸರಾಸರಿ 1.36 ಪಟ್ಟು ಹೆಚ್ಚು ಎಂದು ಕಂಡಿತು. ಬದುಕುಳಿಯಲು ಹುಲಿ ಹಿಡಿದಿರುವ ಉಪಾಯಗಳಲ್ಲಿ ಇದು ದೊಡ್ಡದು. ಇದನ್ನು ತೋರಿಸಿಕೊಟ್ಟದ್ದು ಕ್ಯಾಮೆರಾಗಳೇ, ಆ ಶ್ರೇಯ ಅವಕ್ಕೆ ಸಲ್ಲಬೇಕು. ಮೂರರಲ್ಲಿ ಒಂದು ಭಾಗ ಪೆಟ್ಟಿಗೆಗಳನ್ನಾದರೂ ವಾಹನವಿಲ್ಲದ ಹಳ್ಳ, ಪ್ರಾಣಿಗಳ ಜಾಡುಗಳಲ್ಲಿ ಇಡಿ. ಎರಡೂ ಕಡೆಯ ಗ್ರಾಫ್ ಬೇರೆ ಬೇರೆ ಬಿಡಿಸಿ.

ಇಷ್ಟೆಲ್ಲ ಸರಿ ಮಾಡಿಕೊಂಡರೆ ಪೆಟ್ಟಿಗೆ ಏನು ಕೊಡುತ್ತದೆ? ಸಾಮಾನ್ಯವಾಗಿ ಮುಸ್ಸಂಜೆಗೆ ಏರಿ, ರಾತ್ರಿಯಿಡೀ ಸಾಕಷ್ಟು ಎತ್ತರದಲ್ಲೇ ಉಳಿದು, ಮುಂಜಾವಿಗೆ ಮತ್ತೊಮ್ಮೆ ಎದ್ದು, ಬಿಸಿಲು ಹತ್ತಿದಂತೆ ಇಳಿಯುವ ಗೆರೆ. ಇದಕ್ಕೆ ಕಾರಣ ಕತ್ತಲ ಮೋಹವಲ್ಲ. ಹುಲಿ ದೂರ ಓಡಿಸಿ ಹಿಡಿಯುವ ಪ್ರಾಣಿಯಲ್ಲ, ಹೊಂಚಿ ತೀರ ಹತ್ತಿರ ಸೇರಿ ಎರಗುವ ಪ್ರಾಣಿ. ಕಣ್ಣಿನ ಹಿಂದಿನ ಹೊಳೆವ ಪೊರೆ ಅದಕ್ಕೆ ಮಂದ ಬೆಳಕನ್ನು ಎರಡು ಸಲ ಬಳಸಲು ಬಿಡುತ್ತದೆ. ಕಡವೆ ಹೊರಬರುವುದೂ ಅದೇ ಹೊತ್ತು. ನಾಗರಹೊಳೆಯಲ್ಲಿ ಸೀಳುನಾಯಿಗಳು ಹಗಲಲ್ಲಿ, ಹುಲಿ ಚಿರತೆಗಳು ಹೆಚ್ಚಾಗಿ ಇರುಳಲ್ಲಿ ಬೇಟೆಯಾಡಿ ಒಂದೇ ಕಾಡನ್ನು ಹಂಚಿಕೊಂಡಿವೆ. ಹುಲಿಯ ಗೆರೆಯ ಮೇಲೆ ಕಡವೆಯ ಗೆರೆ ಇಟ್ಟು ಎಷ್ಟು ಭಾಗ ಒಂದರ ಮೇಲೊಂದು ಕೂರುತ್ತದೆ ಎಂದು ಅಳೆಯುವ ಲೆಕ್ಕವನ್ನು ರಿಡೌಟ್ ಮತ್ತು ಲಿಂಕಿ ಎಂಬ ಸಂಶೋಧಕರು 2009ರಲ್ಲಿ ಕೊಟ್ಟರು. ಸೊನ್ನೆಯೆಂದರೆ ಒಂದಿಷ್ಟೂ ಕೂರುವುದಿಲ್ಲ, ಒಂದೆಂದರೆ ಪೂರ್ತಿ. ಲೆಕ್ಕಕ್ಕೆ ಮುನ್ನ ಒಂದೇ ಜಾಗದಲ್ಲಿ ಅರ್ಧ ಗಂಟೆಯೊಳಗೆ ಬಂದ ಸಾಲು ಫೋಟೊಗಳನ್ನು ಒಂದೇ ದಾಖಲೆಯಾಗಿ ಎಣಿಸಬೇಕು. ಐವತ್ತಕ್ಕಿಂತ ಕಡಿಮೆ ದಾಖಲೆ ಇದ್ದರೆ ಗೆರೆಯ ಏರಿಳಿತಕ್ಕೆ ಹೆಚ್ಚು ಅರ್ಥ ಹಚ್ಚಬೇಡಿ. ಬಾಲ ಯಾರದು ಎಂದು ಕೇಳಿದ್ದು ಇಲ್ಲಿಗೇ: ಅರವತ್ತು ದಾಖಲೆಗಳಲ್ಲಿ ನಲವತ್ತು ಒಂದೇ ಗಂಡುಹುಲಿಯದಾದರೆ ಅದು ಹುಲಿಗಳ ದಿನಚರಿಯಲ್ಲ, ಆ ಗಂಡಿನದು.

ಗೆರೆಯಲ್ಲಿ ಕಾಣದ ಖಾಲಿಯನ್ನೂ ಓದಲು ಕಲಿಯಬೇಕು. ಹುಲಿ ಸುಮಾರು ವಾರಕ್ಕೊಂದು ದೊಡ್ಡ ಬೇಟೆ ಹೊಡೆಯುತ್ತದೆ. ಕಡವೆಯೋ ಕಾಟಿಯೋ ಸಿಕ್ಕರೆ ಅದನ್ನು ಪೊದೆಗೆ ಎಳೆದು, ಮೂರು ನಾಲ್ಕು ದಿನ ಅಲ್ಲೇ ಬಿದ್ದುಕೊಂಡು, ತಿಂದು, ನೀರು ಕುಡಿದು, ಮತ್ತೆ ತಿನ್ನುತ್ತದೆ. ಅಷ್ಟೂ ದಿನ ದಾರಿಯ ಕ್ಯಾಮೆರಾಗಳಲ್ಲಿ ಅದು ಇಲ್ಲ. ಹೆಣ್ಣುಹುಲಿ ಮರಿ ಹಾಕಿದರೆ ಮೊದಲ ಎರಡು ತಿಂಗಳು ಮರಿಗಳು ಅಡಗುದಾಣ ಬಿಟ್ಟು ಬರುವುದಿಲ್ಲ. ತಾಯಿ ಬೇಟೆಗೆ ಹೋಗಿ ಹಾಲೂಡಿಸಲು ಮರಳುವುದರಿಂದ ಅದರ ಅಲೆದಾಟ ಚಿಕ್ಕದಾಗುತ್ತದೆ, ಫೋಟೊ ಒಂದೆರಡು ಜಾಗಕ್ಕೆ ಸೀಮಿತವಾಗುತ್ತದೆ. ಇಂಥದ್ದನ್ನು ತಿಳಿಯಲು ಜಿಪಿಎಸ್ ಪಟ್ಟಿಯೇ ಮೇಲು. ಒಂದೇ ಜಾಗದಲ್ಲಿ ಗುಂಪುಗೂಡಿದ ಬಿಂದುಗಳನ್ನು ಹುಡುಕಿ ಹೋದರೆ ಬೇಟೆಯ ಮೂಳೆ ಸಿಗುತ್ತದೆ. ಆದರೆ ಅದಕ್ಕೆ ಹುಲಿಗೆ ಅರಿವಳಿಕೆ ಕೊಡಬೇಕು, ಸಿಗುವುದು ಬೆರಳೆಣಿಕೆಯ ಹುಲಿಗಳ ಬದುಕು. ಒಂದು ಕಾಡಿನ ಹತ್ತಿಪ್ಪತ್ತು ಹುಲಿಗಳ ಹೊತ್ತನ್ನು ಒಟ್ಟಿಗೆ ನೋಡಲು ಮರಕ್ಕೆ ಕಟ್ಟಿದ ಪೆಟ್ಟಿಗೆಯೇ ಬೇಕು.

ಕೊಳ್ಳುವ ಮೊದಲು ಅನುಮತಿಯ ಮಾತು. ಭಾರತದಲ್ಲಿ ಸಂರಕ್ಷಿತ ಕಾಡಿನೊಳಗೆ ಕ್ಯಾಮೆರಾ ಕಟ್ಟಲು ಅರಣ್ಯ ಇಲಾಖೆಯ ಲಿಖಿತ ಅನುಮತಿ ಇಲ್ಲದೆ ಆಗದು. ಸಿಕ್ಕ ಮೇಲೂ ಫೋಟೊಗಳನ್ನು ಜೋಪಾನ ಮಾಡಬೇಕು. ಒಂದು ಹುಲಿ ಯಾವ ದಾರಿಯಲ್ಲಿ, ಯಾವ ಹೊತ್ತಿಗೆ, ಎಷ್ಟು ದಿನಕ್ಕೊಮ್ಮೆ ಹಾಯುತ್ತದೆ ಎಂಬುದು ಸಂಶೋಧಕರಿಗೆ ಎಷ್ಟು ಬೇಕೋ ಉರುಳು ಹಾಕುವವನಿಗೂ ಅಷ್ಟೇ ಬೇಕು. ಫೋಟೊ ಹಂಚುವುದಿದ್ದರೆ ಕೆಳಗಿನ ಸಮಯದ ಪಟ್ಟಿ ಕತ್ತರಿಸಿ, ಕಡತದೊಳಗಿನ ಸ್ಥಳದ ಮಾಹಿತಿ ಅಳಿಸಿ, ಹಿನ್ನೆಲೆಯಲ್ಲಿ ಗುರುತಿಸಬಹುದಾದ ಮೈಲಿಗಲ್ಲೋ ಕಾವಲುಗೋಪುರವೋ ಇದೆಯೇ ನೋಡಿ, ಇದ್ದರೆ ಆ ಫೋಟೊ ಬಿಡಿ. ಪೆಟ್ಟಿಗೆಗಳನ್ನೆಲ್ಲ ಬಿಚ್ಚಿ ತಂದು ಎಣಿಸಿ ಮುಗಿದ ಮೇಲಷ್ಟೇ ಮೊದಲ ಫೋಟೊ ಹೊರಗೆ ಹೋಗಲಿ.